ಭೀಮಾ-ಕೃಷ್ಣೆಯರ ನಡುವಣ ವಾದಮೇಳಗಳೂ ಈಗಿನ ರ‍್ಯಾಪ್ ಕೂಟಗಳೂ

೧

ರಾಗಕ್ಕಿಂತ ಲಯವನ್ನೇ ಹೆಚ್ಚಾಗಿ ನೆಚ್ಚಿ, ಮಾತಿನ ವೇಗದಲ್ಲಿ, ತಾಳದ ಪೆಟ್ಟಿಗೆ ಸರಿಯಾಗಿ ಪದ್ಯವನ್ನು ನುಡಿಯುವ ರ‍್ಯಾಪ್ ಎಂಬ ಹಾಡಿಕೆಯು ಈಗ ಕನ್ನಡದಲ್ಲಿಯೂ ನೆಲೆಗೊಂಡಿದೆ. ಚಂದನ್ ಶೆಟ್ಟಿ, ಆಲ್ ಓಕೆ, ಎಂ. ಸಿ. ಬಿಜ್ಜು ಮೊದಲಾದವರ ಹೆಸರುಗಳನ್ನು ಶಾಲೆಯ ಹುಡುಗರೂ ಬಲ್ಲರು. ತರುಣರು ಗುಂಪುಗೂಡಿ, ಗುಂಪಿಗೊಂದು ಹೆಸರಿಟ್ಟುಕೊಂಡು, ತಮ್ಮ ಊರಿನ ಮಾತಿನಲ್ಲಿ ಪದ ಕಟ್ಟುತ್ತಿರುವರು. ಇದನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ಇದು ಪರದೇಶದ ಸರಕು, ಸಾಹಿತ್ಯಾಭ್ಯಾಸಿಗಳ ವಿಚಾರಕ್ಕೆ ಬರತಕ್ಕದ್ದಲ್ಲವೆಂಬುದು ಒಂದು. ಇದು ನಮ್ಮ ಲಾವಣಿಯೇ, ಹೆಸರು ಮಾತ್ರ ಹೊಸದೆಂಬುದು ಇನ್ನೊಂದು. ಎರಡೂ ಅವಸರದ ಮಾತುಗಳೆಂದು ತೋರುತ್ತದೆ.

ಲಾವಣಿಗೂ ರ‍್ಯಾಪಿಗೂ ವಂಶವೃಕ್ಷವೊಂದನ್ನು ಕಲ್ಪಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಹಾಡುವ ಗುಂಪೊಂದು ಯಾವುದರಿಂದ ಬೆಳೆಯುತ್ತದೆ? ಅದರ ಚರಿತ್ರೆಯನ್ನು ಬರೆಯುವವರು ಏನನ್ನು ಉಳಿಸಿಕೊಳ್ಳಬೇಕು? ಈ ಎರಡು ಪ್ರಶ್ನೆಗಳನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಾಡುಮೇಳಗಳ ಆಧಾರದಿಂದ ವಿಚಾರಿಸುವುದಷ್ಟೇ ಇಲ್ಲಿಯ ಕೆಲಸ.

೨

ಈ ನಾಲ್ಕು ಸ್ಥಳಗಳು ೨೦೧೪ರಿಂದ ವಿಜಯಪುರವೆಂದು ಕರೆಯಲ್ಪಡುವ ವಿಜಾಪುರ ಜಿಲ್ಲೆಗೆ ಸೇರಿದವು. ಇಂಡಿ-ಸಿಂದಗಿಗಳ ಕಡೆಗೆ ಭೀಮಾ ನದಿಯೂ, ಬಾಗೇವಾಡಿ-ಮುದ್ದೇಬಿಹಾಳಗಳ ಕಡೆಗೆ ಕೃಷ್ಣೆಯೂ ಹರಿಯುವುವು. ಬಸವಣ್ಣನವರ ಜನ್ಮಸ್ಥಳವೆಂದು ಬಾಗೇವಾಡಿಯು ನಾಡಿಗೆಲ್ಲ ಗೊತ್ತು. ಆದಿಲಶಾಹಿ ಅರಸರು ೧೬೮೬ರ ವರೆಗೆ ಆಳಿದ ಈ ನೆಲದಲ್ಲಿ ದಖ್ಖನೀ ಮಾತೂ ಮೊಹರಮ್ಮಿನ ಆಚರಣೆಯೂ ಬೇರೂರಿದವು. ೧೭೬೦ರಲ್ಲಿ ವಿಜಾಪುರವು ನಿಜಾಮನಿಂದ ಪೇಶವೆಯರ ವಶಕ್ಕೆ ಬಂದಿತು. ೧೮೧೮ರಲ್ಲಿ ಅವರ ಆಳಿಕೆ ಮುಗಿದ ಮೇಲೂ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ, ಈ ಸೀಮೆಗೆ ಮುಂಬಯಿ ಆಡಳಿತದ ನಂಟು ಹರಿಯಲಿಲ್ಲ. ಭೀಮೆಯ ಆಚೆಗೆ ಸೊಲ್ಲಾಪುರವಿದೆ. ಮರಾಠಿ ಲಾವಣಿಯ ಪ್ರಸಿದ್ಧ ಶಾಹೀರನಾದ ರಾಮಜೋಶಿಯು ಆ ಊರಿನವನೇ. ಕನ್ನಡ ಲಾವಣಿಯ ಪರಿಭಾಷೆಯಲ್ಲಿ ಶಾಹೀರ, ಸವಾಲು, ಜವಾಬು, ಖ್ಯಾಲಿ ಮೊದಲಾದ ಶಬ್ದಗಳು ಬೆರೆತಿರುವುದಕ್ಕೆ ಈ ನೆರೆಹೊರೆಯೇ ಕಾರಣವಾಗಿರಬೇಕು.

ಮೇಳಗಳ ಸುತ್ತ ಇದ್ದ ಇತರ ಗುಂಪುಗಳನ್ನೂ ಇಲ್ಲಿ ನೆನೆಯತಕ್ಕದ್ದು. ಬೀರಪ್ಪನ ಜಾತ್ರೆಗಳಲ್ಲಿ ಹಾಲುಮತದವರು ಹಾಡುವ ಡೊಳ್ಳಿನ ಪದ, ಮೊಹರಮ್ಮಿನಲ್ಲಿ ಹಿಂದೂ-ಮುಸಲ್ಮಾನರಿಬ್ಬರೂ ಕೂಡಿ ಹಾಡುವ ರಿವಾಯತ ಪದ, ಮಠಗಳಲ್ಲಿಯೂ ಗುಡಿಗಳಲ್ಲಿಯೂ ನಡೆಯುವ ಭಜನೆ ಮತ್ತು ತತ್ವಪದ ಇವೆಲ್ಲವೂ ಗುಂಪಿನ ಹಾಡುಗಳೇ. ಈ ಸೀಮೆಯಲ್ಲಿ ಹಾಡುವವನು ಒಂಟಿಯಾಗಿರುವುದು ಅಪರೂಪ. ಹಿಂದೆ ನಿಂತು ಸೊಲ್ಲು ಹಿಡಿಯುವವರಿಲ್ಲದೆ ಹಾಡು ನಿಲ್ಲದು.

೩

ಇವುಗಳಲ್ಲಿ ನಮ್ಮ ವಿಷಯಕ್ಕೆ ಅತಿ ಹತ್ತಿರವಾದದ್ದು ಲಾವಣಿ ಮತ್ತು ಗೀಗೀ ಪದಗಳ ಮೇಳ. ಗೀಗೀ ಮೇಳದಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ಮಂದಿ ಇರುವರು. ಮುಂದಾಳು ದಪ್ಪನ್ನು ಬಾರಿಸುತ್ತ ನುಡಿಯನ್ನು ಎತ್ತುವನು. ಹಿಮ್ಮೇಳದವರು ತುಂತುಣಿ, ತಾಳಗಳೊಡನೆ ಅದನ್ನು ಹಿಡಿದು ‘ಗೀ ಗೀ’ ಎಂಬ ಸೊಲ್ಲಿನಿಂದ ಮುಗಿಸುವರು. ಹಾಡಿಗೆ ಹೆಸರು ಬಂದುದು ಈ ಸೊಲ್ಲಿನಿಂದಲೇ. ಲಾವಣಿಯಲ್ಲಿ ಪಲ್ಲ, ನುಡಿ, ಚಾಲ, ಏರು, ಇಳುವು, ಕೂಡುಪಲ್ಲ ಎಂಬ ಅಂಗಗಳುಂಟು. ಕಡೆಯ ನುಡಿಯಲ್ಲಿ ಊರು, ಗುರು, ಕವಿಗಳ ಹೆಸರು ಬರುವುದು. ಕವಿಯು ಬೇರೆ, ಹಾಡುವವನು ಬೇರೆಯಾಗಿರುವುದೂ ಉಂಟಾದ್ದರಿಂದ ಈ ಅಂಕಿತವು ಅಲಂಕಾರವಲ್ಲ, ಒಡೆತನದ ಮುದ್ರೆ.

ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳಿವೆ. ಹರದೇಶಿಯವರು ಶಿವನನ್ನು, ಅಂದರೆ ಪುರುಷನನ್ನು, ಹೆಚ್ಚೆಂದು ವಾದಿಸುವರು. ನಾಗೇಶಿಯವರು ಶಕ್ತಿಯನ್ನು, ಅಂದರೆ ಹೆಣ್ಣನ್ನು, ಹೆಚ್ಚೆಂದು ಹಿಡಿಯುವರು. ಮರಾಠಿಯಲ್ಲಿ ಇವೇ ತುರಾ, ಕಲಗಿಗಳು. ನಾಗೇಶಿ ಪಕ್ಷದಲ್ಲಿ ಹೆಂಗಸರು ಮುಂದಾಳುಗಳಾಗಿ ನಿಂತು ಹರದೇಶಿಯ ಗಂಡಸರಿಗೆ ಸವಾಲು ಹಾಕುವುದುಂಟು. ಜಾತ್ರೆಗೆ ಎರಡು ಪಕ್ಷಗಳ ಮೇಳಗಳನ್ನೂ ಕರೆಸುವರು. ಸ್ತುತಿಯ ತರುವಾಯ ಒಬ್ಬರು ಪ್ರಶ್ನೆಯನ್ನು ಹಾಡಿನಲ್ಲಿಯೇ ಕೇಳುವರು, ಎದುರಿನವರು ಹಾಡಿನಲ್ಲಿಯೇ ಉತ್ತರ ಕೊಡಬೇಕು. ಬೆಳಗಾಗುವ ತನಕ ವಾದ ನಡೆಯುವುದು. ತೀರ್ಪುಗಾರರು ಕೂಡಿದ ಜನರೇ.

ಮೇಳವೊಂದರ ಮೇಲೆ ಯಾರ ಪ್ರಭಾವ ಹೆಚ್ಚೆಂದು ಕೇಳಿದರೆ, ಅದರ ಗುರುವಿನದೆಂದು ಒಡನೆ ಉತ್ತರ ಹೇಳುವೆವು. ಅದು ಅರ್ಧ ಸತ್ಯ. ಹರದೇಶಿಯ ಕವಿಯು ನಾಗೇಶಿಯ ವಾದವನ್ನೆಲ್ಲ ಬಲ್ಲವನಾಗಿರಬೇಕು. ನಾಳೆ ಎದುರಾಗಬಹುದಾದ ಪ್ರಶ್ನೆಯನ್ನು ಇಂದೇ ಊಹಿಸಿ, ಪುರಾಣ, ಶಾಸ್ತ್ರ, ಲೋಕವಾರ್ತೆಗಳಿಂದ ಜವಾಬನ್ನು ಕೂಡಿಸಿಟ್ಟುಕೊಳ್ಳಬೇಕು. ಹೀಗೆ ಅವನ ಓದನ್ನೂ ಪದಸಂಪತ್ತನ್ನೂ ಬೆಳೆಸುವವನು ಗುರುವಿಗಿಂತ ಹೆಚ್ಚಾಗಿ ಎದುರಾಳಿ. ಗುರುವು ಹಾಡುವುದನ್ನು ಕಲಿಸುವನು, ಹಾಡುವುದಕ್ಕೆ ಕಾರಣವನ್ನು ಎದುರು ಮೇಳವು ಒದಗಿಸುವುದು. ಆದುದರಿಂದ ಮೇಳಗಳ ಚರಿತ್ರೆಯನ್ನು ಜೋಡಿಯಾಗಿಯೇ ಬರೆಯಬೇಕಾಗುತ್ತದೆ.

ಎದುರಾಳಿ ಬದಲಾದಾಗ ಹಾಡಿನ ವಸ್ತುವೂ ಬದಲಾದುದಕ್ಕೆ ನಿದರ್ಶನವುಂಟು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಬೆಳಗಾವಿ ಸೀಮೆಯ ಹುಲಕುಂದದ ಕವಿಗಳು ಗೀಗೀ ಪದವನ್ನು ಪರಕೀಯ ಸರಕಾರದ ಎದುರು ತಿರುಗಿಸಿದರು. ಮುಂದೆ ಸ್ವತಂತ್ರ ಭಾರತದಲ್ಲಿ ಅದೇ ಪದವು ಕುಟುಂಬ ಯೋಜನೆ, ಸಾಕ್ಷರತೆಗಳ ಪ್ರಚಾರಕ್ಕೆ ಬಂದಾಗ ಎದುರಾಳಿಯೇ ಇಲ್ಲದಾಯಿತು. ಹಾಡು ಬೋಧನೆಯಾಯಿತು, ಜವಾಬಿನ ಚುರುಕು ಕುಗ್ಗಿತು.

೪

ಇಂಡಿಯ ಸೀಮೆಗೆ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ವಿಶೇಷ ಸ್ಥಾನವನ್ನು ತಂದುಕೊಟ್ಟವರು ಹಲಸಂಗಿಯ ಗೆಳೆಯರು. ಆಗ ಇಂಡಿ ತಾಲೂಕಿಗೂ ಈಗ ಚಡಚಣ ತಾಲೂಕಿಗೂ ಸೇರಿದ ಈ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಕೂಡಿ ಜನರ ಬಾಯಲ್ಲಿದ್ದ ಹಾಡುಗಳನ್ನು ಸಂಗ್ರಹಿಸಿದರು. ‘ಗರತಿಯ ಹಾಡು’ ೧೯೩೧ರಲ್ಲಿಯೂ, ಲಾವಣಿಗಳ ಸಂಕಲನವಾದ ‘ಜೀವನ ಸಂಗೀತ’ ೧೯೩೩ರಲ್ಲಿಯೂ, ‘ಮಲ್ಲಿಗೆ ದಂಡೆ’ ೧೯೩೫ರಲ್ಲಿಯೂ ಹೊರಬಂದವು. ಹಲಸಂಗಿಯ ಲಾವಣಿಕಾರನಾದ ಖಾಜಾಭಾಯಿಯ ಹೆಸರು ವಿದ್ವಜ್ಜನರಿಗೆ ತಿಳಿದದ್ದು ಈ ಗೆಳೆಯರಿಂದಲೇ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪಿಗೂ ಹಲಸಂಗಿಗೂ ಇದ್ದ ಸ್ನೇಹವು ಹೊಸಗನ್ನಡ ಕವಿತೆಯೊಳಕ್ಕೆ ಲಾವಣಿಯ ಲಯವು ಹರಿದುಬರಲು ದಾರಿಯಾಯಿತು. ಒಂದು ಗುಂಪು ಇನ್ನೊಂದು ಗುಂಪಿನ ಮೇಲೆ ಬೀರಿದ ಪ್ರಭಾವವನ್ನು ಇಷ್ಟು ಸ್ಪಷ್ಟವಾಗಿ ತೋರಿಸಬಲ್ಲ ಸಂದರ್ಭಗಳು ನಮ್ಮಲ್ಲಿ ಹೆಚ್ಚಿಲ್ಲ.

ಅಕ್ಷರಸ್ಥರು ಹಳ್ಳಿಯ ಹಾಡನ್ನು ಕಡೆಗಣಿಸುತ್ತಿದ್ದ ಕಾಲದಲ್ಲಿ ಇವರು ಮಾಡಿದ ಉಪಕಾರವು ಅಳತೆಗೆ ಮೀರಿದ್ದು. ಆದರೆ ಅಚ್ಚಿನ ಪುಟಕ್ಕೆ ಒಂದು ಸ್ವಭಾವದ ಮಿತಿಯುಂಟು. ಅದು ಹಾಡನ್ನು ಕವಿತೆಯಾಗಿ ಉಳಿಸಬಲ್ಲುದು. ಆ ಹಾಡು ಯಾವ ರಾತ್ರಿ, ಯಾವ ಮೇಳದ ಯಾವ ಪ್ರಶ್ನೆಗೆ ಉತ್ತರವಾಗಿ ಎದ್ದಿತೆಂಬುದು ಪುಟದಿಂದ ತಿಳಿಯುವುದಿಲ್ಲ. ಸವಾಲು ಕಳೆದು ಜವಾಬು ಮಾತ್ರ ಉಳಿದರೆ, ಜವಾಬಿನ ಅರ್ಥವೂ ಅರ್ಧವಾಗುತ್ತದೆ.

೫

ಇನ್ನು ರ‍್ಯಾಪಿನ ಚರಿತ್ರೆಯಲ್ಲಿಯೂ ಇಂಥದೇ ಸಂಗತಿಯು ಕಂಡುಬರುವುದರಿಂದ ಅದನ್ನು ಸಂಕ್ಷೇಪವಾಗಿ ನೋಡೋಣ. ಅದು ಹುಟ್ಟಿದುದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡ ಪ್ರದೇಶದಲ್ಲಿ. ಜಮೈಕಾ ದ್ವೀಪದಿಂದ ಬಂದ ಕೂಲ್ ಹರ್ಕ್ ಎಂಬ ತರುಣನು ೧೯೭೩ರ ಆಗಸ್ಟ್ ೧೧ರಂದು ನಡೆಸಿದ ಕೂಟವನ್ನು ಅದರ ಆರಂಭವೆಂದು ಎಣಿಸುವರು. ಅದಕ್ಕೆ ಮುಂಚೆ ೧೯೬೮ರಲ್ಲಿ ಹಾರ್ಲೆಮಿನಲ್ಲಿ ಹುಟ್ಟಿದ ‘ಲಾಸ್ಟ್ ಪೊಯೆಟ್ಸ್’ ಎಂಬ ಕವಿಗಳ ಗುಂಪು ಚರ್ಮವಾದ್ಯದ ಲಯಕ್ಕೆ ಪದ್ಯ ನುಡಿಯುತ್ತಿತ್ತು. ಧ್ವನಿಮುದ್ರಿಕೆಗಳನ್ನು ತಿರುಗಿಸುವ ಡಿ. ಜೆ., ಅವನ ಲಯಕ್ಕೆ ನುಡಿಯುವ ಎಂ. ಸಿ., ಸೊಲ್ಲು ಹಿಡಿಯುವ ಜೊತೆಗಾರರು ಇವರಿಂದ ಒಂದು ಗುಂಪು ಆಗುತ್ತಿತ್ತು. ಗುಂಪು ಗುಂಪುಗಳಿಗೆ ವಾದ ನಡೆಯುತ್ತಿತ್ತು. ೧೯೮೧ರಲ್ಲಿ ಹಾರ್ಲೆಮಿನಲ್ಲಿ ಬಿಜಿ ಬೀ, ಕೂಲ್ ಮೋ ಡೀ ಎಂಬಿಬ್ಬರಿಗೆ ನಡೆದ ವಾದವು, ಜನರನ್ನು ನಗಿಸುವುದಕ್ಕಿಂತ ಪದಕಟ್ಟುವ ಚಾತುರ್ಯವೇ ಮೇಲೆಂದು ತೋರಿಸಿ, ಮುಂದಿನವರ ದಾರಿಯನ್ನು ಬದಲಿಸಿತು. ಇಲ್ಲಿಯೂ ಕಲೆಯನ್ನು ಬೆಳೆಸಿದವನು ಎದುರಾಳಿಯೇ.

ಆದರೆ ೧೯೭೯ರಲ್ಲಿ ಲೋಕಪ್ರಸಿದ್ಧವಾದ ಮೊದಲ ರ‍್ಯಾಪ್ ಮುದ್ರಿಕೆಯನ್ನು ಹಾಡಿದ ‘ಶುಗರ್‌ಹಿಲ್ ಗ್ಯಾಂಗ್’ ವಾದದಲ್ಲಿ ಪಳಗಿದ ಗುಂಪಾಗಿರಲಿಲ್ಲ, ಮುದ್ರಣಕ್ಕಾಗಿಯೇ ಕೂಡಿಸಿದ್ದು. ಅವರಲ್ಲೊಬ್ಬನು ಗ್ರಾಂಡ್‌ಮಾಸ್ಟರ್ ಕ್ಯಾಜ್ ಎಂಬ ಕವಿಯ ಪುಸ್ತಕದಲ್ಲಿಯ ಪದಗಳನ್ನು ಹಾಡಿದನು. ಕ್ಯಾಜನಿಗೆ ಆ ಮುದ್ರಿಕೆಯಲ್ಲಿ ಮನ್ನಣೆ ದೊರೆಯಲಿಲ್ಲ. ವಿಚಿತ್ರವೆಂದರೆ, ಆ ಪದದೊಳಗೆ ಕ್ಯಾಜನು ತನ್ನ ಹಳೆಯ ಹೆಸರಾದ ಕ್ಯಾಸನೋವಾ ಎಂಬುದನ್ನು ಅಕ್ಷರ ಅಕ್ಷರವಾಗಿ ಸೇರಿಸಿದ್ದನು. ಹಾಡಿದವನು ಅದನ್ನೂ ಹಾಗೆಯೇ ಹಾಡಿಬಿಟ್ಟನು. ಲಾವಣಿಯ ಅಂಕಿತವನ್ನು ಬಲ್ಲ ನಮ್ಮವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಕಂಪನಿಯ ಕಾಗದದಲ್ಲಿ ಇಲ್ಲದ ಕರ್ತೃವನ್ನು ಪದದೊಳಗಿನ ಹೆಸರು ಹಿಡಿದುಕೊಟ್ಟಿತು.

ನಮ್ಮ ನಾಡಿನಲ್ಲಿ ಬ್ರೋಧಾ ವಿ, ಸ್ಮೋಕಿ ದಿ ಘೋಸ್ಟ್, ಬಿಗ್ ನಿಕ್ ಎಂಬ ಬೆಂಗಳೂರಿನ ಮೂವರು ತಮ್ಮ ಕೂಟಕ್ಕೆ ‘ಮಚ್ಚಾಸ್ ವಿತ್ ಆ್ಯಟಿಟ್ಯೂಡ್’ ಎಂದು ಹೆಸರಿಟ್ಟುದು ಅಮೆರಿಕೆಯ ‘ಎನ್. ಡಬ್ಲ್ಯು. ಎ.’ ಗುಂಪನ್ನು ನೆನೆದೇ ಸರಿ. ಆ ಹೆಸರಿನಲ್ಲಿಯೇ ಪರದೇಶದ ಗುರುವೂ ಬೆಂಗಳೂರಿನ ‘ಮಚ್ಚ’ನೂ ಒಟ್ಟಿಗೆ ಕುಳಿತಿರುವರು. ೨೦೧೮ರಲ್ಲಿ ಚೆನ್ನೈಯಲ್ಲಿ ವೇದಿಕೆ ಏರಿದ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಊರಿನ ಕೇರಿಗಳ ‘ಗಾನಾ’ ಹಾಡನ್ನು ರ‍್ಯಾಪಿನೊಡನೆ ಬೆಸೆದು, ಜಾತಿಯ ಅನ್ಯಾಯವನ್ನೇ ಎದುರಾಳಿಯನ್ನಾಗಿ ಹಿಡಿಯಿತು.

೬

ಮೇಲಿನ ವಿಚಾರದಿಂದ ಕೆಲವು ನಿರ್ಣಯಗಳನ್ನು ಮಾಡಬಹುದು. ರ‍್ಯಾಪು ಲಾವಣಿಯ ಸಂತತಿಯಲ್ಲ. ಅದರ ಹುಟ್ಟಿಗೆ ಬೇರೆ ನಾಡಿನ ಬೇರೆ ದುಃಖಗಳು ಕಾರಣ. ಆದರೆ ಮುಂದಾಳು-ಹಿಮ್ಮೇಳ, ಚರ್ಮವಾದ್ಯದ ಪೆಟ್ಟು, ಸವಾಲು-ಜವಾಬು, ಪದದೊಳಗೆ ಊರ ಹೆಸರು, ತನ್ನ ಹೆಸರು ಇವುಗಳನ್ನು ಕೇಳಿ ಬೆಳೆದ ಸೀಮೆಯ ಕಿವಿಗೆ ಅದು ಪೂರ್ಣ ಅಪರಿಚಿತವೂ ಅಲ್ಲ. ಬೀಜವು ಹೊರಗಿನದಾದರೂ ನೆಲವು ಹದವಾಗಿತ್ತೆನ್ನಬಹುದು. ಇಂಡಿ ಅಥವಾ ಮುದ್ದೇಬಿಹಾಳದ ತರುಣನೊಬ್ಬನು ಮೊಬೈಲಿನಲ್ಲಿ ಕೇಳಿದ ಲಯಕ್ಕೆ ತನ್ನ ಮಾತನ್ನು ಹೊಂದಿಸುವಾಗ, ಅವನ ಬಾಯಲ್ಲಿ ಅಜ್ಜನ ಮೇಳದ ಏರು-ಇಳುವು ಎಷ್ಟು, ದೂರದೇಶದ ಗುಂಪಿನ ಅನುಕರಣ ಎಷ್ಟು ಎಂಬುದನ್ನು ಪ್ರತಿಯೊಂದು ಪದದಲ್ಲಿಯೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ಸಂಗ್ರಹದ ಕೆಲಸ. ಹಲಸಂಗಿಯ ಗೆಳೆಯರಿಗೆ ಕಾಗದ, ಲೇಖನಿಗಳ ಹೊರತು ಸಾಧನವಿರಲಿಲ್ಲ; ನಮಗೆ ಧ್ವನಿಯನ್ನೂ ಚಿತ್ರವನ್ನೂ ಹಿಡಿಯುವ ಯಂತ್ರಗಳಿವೆ. ಆದರೂ ಹಾಡೊಂದನ್ನೇ ಹಿಡಿದು ಎದುರು ಹಾಡನ್ನು ಬಿಟ್ಟರೆ ಯಂತ್ರದಿಂದ ಪ್ರಯೋಜನವಿಲ್ಲ. ಹರದೇಶಿಯನ್ನು ಬರೆದುಕೊಂಡವರು ಅದೇ ರಾತ್ರಿಯ ನಾಗೇಶಿಯನ್ನೂ ಬರೆದುಕೊಳ್ಳಬೇಕು. ಹೆಣ್ಣಿನ ಪಕ್ಷದ ವಾದವು ಕೈಬಿಟ್ಟುಹೋದರೆ, ಗಂಡು ತಾನೊಬ್ಬನೇ ಮಾತಾಡಿ ಗೆದ್ದನೆಂದು ಮುಂದಿನವರು ನಂಬುವರು. ರ‍್ಯಾಪ್ ಕೂಟಗಳ ವಿಷಯದಲ್ಲಿಯೂ ಪದ ಯಾರದು, ಲಯ ಯಾರದು, ಯಾರಿಗೆ ಉತ್ತರವಾಗಿ ಹುಟ್ಟಿತು ಎಂಬ ಮೂರನ್ನು ಪದದೊಡನೆಯೇ ದಾಖಲಿಸಬೇಕು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ, ವಿಜಯಪುರದಲ್ಲಿಯೇ ಇರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ, ನಾಲ್ಕು ತಾಲೂಕುಗಳ ಕನ್ನಡ ಉಪಾಧ್ಯಾಯರೂ ಕೈಗೂಡಿಸಿದರೆ ಇದು ಅಸಾಧ್ಯವಲ್ಲ. ಜಾತ್ರೆಯ ವಾದವನ್ನು ಬೆಳಗಿನ ತನಕ ಕುಳಿತು ಕೇಳಿದ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಕೆಲಸವು ಮೊದಲಾಗಬೇಕು.