ಉಸಿರಾಟದ ಸ್ನಾಯುಗಳ ಇಎಂಜಿ

ಉಸಿರಾಟದ ಸ್ನಾಯುಗಳು, ಮುಖ್ಯವಾಗಿ ವಪೆ, ಸಂಕುಚಿಸುವಾಗ ಹೊಮ್ಮುವ ವಿದ್ಯುತ್ ಸಂಕೇತಗಳನ್ನು ದಾಖಲಿಸಿ ಅವುಗಳ ದಣಿವನ್ನು ಅಂದಾಜಿಸುವ ವಿಧಾನ (ಇಎಂಜಿ ಎಂದರೆ ಎಲೆಕ್ಟ್ರೋಮಯೋಗ್ರಫಿ). ಮುಂಬಯಿಯಲ್ಲಿ ಶಿವಡಿಯ ಟಿಬಿ ಆಸ್ಪತ್ರೆಗೂ ಪರೇಲಿನ ಕೆಇಎಂ ಆಸ್ಪತ್ರೆಗೂ ಬರುವ ರೋಗಿಗಳಲ್ಲಿ ಈ ಸ್ನಾಯುಗಳು ದಣಿದಿವೆಯೇ ಎಂಬ ಪ್ರಶ್ನೆ ಏಳುತ್ತಲೇ ಇರುತ್ತದೆ. ಸಿಒಪಿಡಿ (ದೀರ್ಘಕಾಲದ ಶ್ವಾಸನಾಳ ಅಡಚಣೆಯ ಕಾಯಿಲೆ) ಇರುವವರ ಎದೆಯಲ್ಲಿ ಗಾಳಿ ಸಿಕ್ಕಿಕೊಂಡು, ಗುಮ್ಮಟದಂತಿರಬೇಕಾದ ವಪೆ ಚಪ್ಪಟೆಯಾಗುತ್ತದೆ. ದಾದರ್ ನಿಲ್ದಾಣದ ಸೇತುವೆ ಹತ್ತುವಷ್ಟರಲ್ಲಿ ಏದುಸಿರು.

ಎಲೆಕ್ಟ್ರೋಡುಗಳನ್ನು ಪಕ್ಕೆಲುಬಿನ ಕೆಳ ಅಂಚಿನ ಬಳಿ ಚರ್ಮಕ್ಕೆ ಅಂಟಿಸುತ್ತಾರೆ, ಇಲ್ಲವೇ ಮೂಗಿನಿಂದ ಅನ್ನನಾಳಕ್ಕೆ ಇಳಿಸಿದ ತೆಳು ನಳಿಕೆಯಲ್ಲಿ ವಪೆಯ ಮಟ್ಟಕ್ಕೆ ತರುತ್ತಾರೆ. ಎರಡನೆಯದು ರೋಗಿಗೆ ಕಿರಿಕಿರಿ, ಆದರೆ ಸಂಕೇತ ನಿಚ್ಚಳ. ವಪೆಯ ಮೇಲೆಯೇ ಕುಳಿತ ಹೃದಯದ ಬಡಿತ ದಾಖಲೆಯಲ್ಲಿ ನುಗ್ಗುವುದರಿಂದ ಎರಡು ಬಡಿತಗಳ ನಡುವಿನ ತುಣುಕನ್ನಷ್ಟೇ ಆರಿಸಬೇಕು. ನಮ್ಮ ಮನೆ-ಆಸ್ಪತ್ರೆಗಳ 50 ಹರ್ಟ್ಜ್ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯೂ ವಪೆಯ ಸಂಕೇತದ ಆವರ್ತನ ವ್ಯಾಪ್ತಿಯಲ್ಲೇ ಬೀಳುತ್ತದೆ.

ದಣಿಯುವ ಸ್ನಾಯುತಂತುವಿನಲ್ಲಿ ವಿದ್ಯುತ್ ಸಂಚಾರ ನಿಧಾನಿಸುತ್ತದೆ. ಆಗ ಹೆಚ್ಚು ಆವರ್ತನದ ಅಂಶ ತಗ್ಗಿ, ಕಡಿಮೆ ಆವರ್ತನದ್ದು ಏರುತ್ತದೆ. 1979ರಲ್ಲಿ ಸಂಶೋಧಕರಾದ ಗ್ರಾಸ್, ಗ್ರಾಸಿನೊ, ಮ್ಯಾಕ್ಲೆಮ್ ಮತ್ತಿತರರು, ಸ್ನಾಯುವಿನ ಬಲ ಸೋಲುವ ಮೊದಲೇ ಹೆಚ್ಚು-ಕಡಿಮೆ ಆವರ್ತನಗಳ ಅಂಶಗಳ ಅನುಪಾತ ಕುಸಿಯುವುದನ್ನು ತೋರಿಸಿದರು. ಅದಕ್ಕೂ ಮುನ್ನ 1977ರಲ್ಲಿ ರೂಸೊಸ್ ಮತ್ತು ಮ್ಯಾಕ್ಲೆಮ್, ಪ್ರತಿ ಉಸಿರಿಗೂ ಗರಿಷ್ಠ ಒತ್ತಡದ ಸುಮಾರು 40 ಪ್ರತಿಶತ ಮೀರಿದರೆ ವಪೆ ಬಹುಕಾಲ ತಡೆಯದು ಎಂದು ಕಂಡುಕೊಂಡಿದ್ದರು.

ದಣಿವು ಬೇರೆ, ಬಲಹೀನತೆ ಬೇರೆ. ಕಟ್ಟುಹಾವು ಕಚ್ಚಿದವನ ವಪೆ ನಿಲ್ಲುವುದು ನರ-ಸ್ನಾಯು ಸಂಧಿಯಲ್ಲಿ ಸಂಕೇತವೇ ದಾಟದೆ. ದಣಿವಿನಂತೆ ಅದು ವಿಶ್ರಾಂತಿ ಕೊಟ್ಟರೆ ಸರಿಹೋಗದು. ಈ ವ್ಯತ್ಯಾಸ ಮರೆತವರಿಗೆ ಗ್ರಾಫು ಮೋಸ ಮಾಡುತ್ತದೆ. ಅಲ್ಲದೆ, ಆವರ್ತನ ಇಳಿದ ಮಾತ್ರಕ್ಕೆ ಬಲವೂ ಇಳಿದಿದೆ ಎನ್ನಲಾಗದು. ಬಲ ತಿಳಿಯಲು, ವಪೆಗೆ ಹೋಗುವ ಫ್ರೆನಿಕ್ ನರವನ್ನು ಕಾಂತೀಯವಾಗಿ ಪ್ರಚೋದಿಸಿ ಒತ್ತಡ ಅಳೆಯುವುದೇ ಹೆಚ್ಚು ನಂಬಲರ್ಹ. ಆ ಅಳತೆಯಲ್ಲಿ 2003ರಲ್ಲಿ ಲಾಘಿ ಮತ್ತು ಸಂಗಡಿಗರಿಗೆ, ವೆಂಟಿಲೇಟರ್ ಬಿಡಿಸಲು ಹೋಗಿ ಸೋತ ರೋಗಿಗಳಲ್ಲೂ ದೀರ್ಘಕಾಲ ಉಳಿಯುವ ಬಗೆಯ ದಣಿವು ಕಾಣಲಿಲ್ಲ.

ಹೀಗಾಗಿ ಐಸಿಯುಗಳಲ್ಲಿ ಇಂದಿಗೂ ಮೊದಲು ನೋಡುವುದು ಉಸಿರಿನ ವೇಗ, ರಕ್ತದ ಇಂಗಾಲದ ಡೈಆಕ್ಸೈಡ್, ಉಸಿರೆಳೆದಾಗ ಹೊಟ್ಟೆ ಒಳಕ್ಕೆ ಹೋಗುತ್ತಿದೆಯೇ ಎಂಬುದನ್ನು. ಇಎಂಜಿ ಅಲ್ಲಿಗೆ ಬಂದದ್ದು ಬೇರೆ ದಾರಿಯಲ್ಲಿ: 1999ರಲ್ಲಿ ಸಿಂಡರ್ಬಿ ಮತ್ತು ಸಹೋದ್ಯೋಗಿಗಳು ವಿವರಿಸಿದ ‘ನಾವಾ’ ಪದ್ಧತಿಯಲ್ಲಿ, ವಪೆಯ ಸಂಕೇತವೇ ವೆಂಟಿಲೇಟರ್‌ಗೆ ಯಾವಾಗ, ಎಷ್ಟು ನೆರವು ಕೊಡಬೇಕೆಂದು ಹೇಳುತ್ತದೆ.