ಸಪ್ತದ್ವೀಪ ಮತ್ತು ಏಳು ಖಂಡ: ಎಣಿಕೆಯ ಎರಡು ಪರಂಪರೆಗಳು

ಭೂಮಿಯ ಮೇಲೆ ಏಳು ಖಂಡಗಳಿವೆ ಎಂಬುದು ನಮ್ಮ ಶಾಲಾ ಪಠ್ಯಗಳಲ್ಲಿ ಪ್ರಶ್ನಾತೀತ ಸಂಗತಿ. ಆದರೆ ಸ್ಪೇನ್ ಹಾಗೂ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಉತ್ತರ, ದಕ್ಷಿಣ ಅಮೆರಿಕಗಳನ್ನು ಒಂದೇ ಖಂಡವೆಂದು ಕಲಿಸುವುದು ವಾಡಿಕೆ. ರಷ್ಯನ್ ಭಾಷೆಯಲ್ಲಿ ಎರಡು ಎಣಿಕೆಗಳೇ ಇವೆ. 'ಮತೆರಿಕ್' ಎಂದರೆ ನೀರಿನಿಂದ ಆವೃತವಾದ ಭೂರಾಶಿ. ಆ ಲೆಕ್ಕದಲ್ಲಿ ಯುರೇಷಿಯಾ ಒಂದು, ಅಮೆರಿಕ ಎರಡು. 'ಚಾಸ್ತ್ ಸ್ವೇತಾ', ಅಂದರೆ ಲೋಕಭಾಗ, ಎಂಬ ಲೆಕ್ಕದಲ್ಲಿ ಯುರೋಪ್ ಮತ್ತು ಏಷ್ಯಾ ಬೇರೆ, ಅಮೆರಿಕ ಒಂದೇ. ಎರಡರಲ್ಲೂ ಮೊತ್ತ ಆರೇ. ಒಳಗಿನ ಹೆಸರುಗಳು ಮಾತ್ರ ಬೇರೆ. 1913ರಲ್ಲಿ ಕೂಬರ್ತೆನ್ ರೂಪಿಸಿದ ಒಲಿಂಪಿಕ್ ಲಾಂಛನದ ಬಳೆಗಳಾದರೋ ಐದು.

ಯುರೋಪ್ ಮತ್ತು ಏಷ್ಯಾಗಳ ನಡುವೆ ಸಮುದ್ರವಿಲ್ಲದ ಕಡೆ ಗಡಿಯನ್ನು ಎಲ್ಲಿ ಎಳೆಯಬೇಕು? ಪ್ರಾಚೀನ ಗ್ರೀಕರು ನದಿಗಳನ್ನು ಗಡಿಯಾಗಿ ಹಿಡಿದರು. ಒಂದೇ ಭೂಮಿಗೆ ಮೂರು ಹೆಸರುಗಳೇಕೆ, ಅವೂ ಸ್ತ್ರೀಯರ ಹೆಸರುಗಳೇಕೆ ಎಂದು ಹೆರೊಡೋಟಸ್ ಆಗಲೇ ಸಂದೇಹಿಸಿದ್ದ. ಉರಲ್ ಪರ್ವತಸಾಲು ಗಡಿಯಾಗಿ ಪ್ರಚಾರಕ್ಕೆ ಬಂದದ್ದು, ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದ ಸ್ವೀಡಿಷ್ ಸೇನಾಧಿಕಾರಿ ಸ್ಟ್ರಾಲೆನ್‌ಬರ್ಗ್ 1730ರಲ್ಲಿ ಪ್ರಕಟಿಸಿದ ಗ್ರಂಥದ ತರುವಾಯ.

ಇನ್ನು ನಮ್ಮ ಸಪ್ತದ್ವೀಪಗಳ ವಿಚಾರ. ಜಂಬೂ, ಪ್ಲಕ್ಷ, ಶಾಲ್ಮಲಿ, ಕುಶ, ಕ್ರೌಂಚ, ಶಾಕ, ಪುಷ್ಕರ ಎಂಬ ಇವು ಬಿಡಿ ಬಿಡಿ ಭೂರಾಶಿಗಳಲ್ಲ. ಜಂಬೂದ್ವೀಪದ ಸುತ್ತ ಬಳೆಯೊಳಗೆ ಬಳೆಯಂತೆ, ಒಂದಕ್ಕಿಂತ ಮುಂದಿನದು ಇಮ್ಮಡಿ ಅಗಲವಾಗಿ ಹಬ್ಬಿದವು. ನಡುನಡುವೆ ಉಪ್ಪು, ಕಬ್ಬಿನ ಹಾಲು, ಮದ್ಯ, ತುಪ್ಪ, ಮೊಸರು, ಹಾಲು, ಸಿಹಿನೀರುಗಳ ಸಮುದ್ರಗಳು. ಆದುದರಿಂದ ಏಳು ದ್ವೀಪಗಳೆಂದರೆ ಇಂದಿನ ಏಳು ಖಂಡಗಳೇ ಎಂದು ಕೆಲವರು ಹೆಮ್ಮೆಯಿಂದ ಹೇಳುವ ಮಾತು ನಿಲ್ಲುವಂಥದಲ್ಲ. ಬೌದ್ಧರಿಗೆ ಮೇರುವಿನ ಸುತ್ತ ನಾಲ್ಕು ಮಹಾದ್ವೀಪಗಳು. ಜೈನರಿಗೆ ದ್ವೀಪಗಳು ಅಸಂಖ್ಯಾತ, ಮನುಷ್ಯರ ವಾಸ ಎರಡೂವರೆ ದ್ವೀಪಗಳಲ್ಲಿ ಮಾತ್ರ. ಸಂಖ್ಯೆ ಹೊಂದಿದ ಮಾತ್ರಕ್ಕೆ ಒಂದನ್ನು ಆರಿಸಿಕೊಂಡು ಉಳಿದವನ್ನು ಮರೆಯುವುದು ಸಂಶೋಧನೆಯಲ್ಲ.

ಇದಕ್ಕೆ ವಿರುದ್ಧವಾದ ಅವಜ್ಞೆಯೂ ಅಷ್ಟೇ ದುಡುಕಿನದು. 1835ರ ಟಿಪ್ಪಣಿಯಲ್ಲಿ ಮೆಕಾಲೆ ಈ ಬೆಲ್ಲದ, ಬೆಣ್ಣೆಯ ಕಡಲುಗಳ ಭೂಗೋಳವನ್ನು ಗೇಲಿ ಮಾಡಿದ. ಅದೇ ಕಾಲದಲ್ಲಿ ಭೋಪಾಲದ ಸಮೀಪದ ಸೀಹೋರ್‌ನಲ್ಲಿ ವಿಲ್ಕಿನ್ಸನ್ ಎಂಬ ಅಧಿಕಾರಿ ಬೇರೆ ದಾರಿ ಹಿಡಿದಿದ್ದ. ಭೂಮಿ ಗೋಲಾಕಾರವೆಂದು ಭಾಸ್ಕರಾಚಾರ್ಯನ ಸಿದ್ಧಾಂತವೇ ಹೇಳುವುದರಿಂದ, ಅದನ್ನೇ ಮೆಟ್ಟಿಲಾಗಿಸಿ ಹೊಸ ಭೂಗೋಳವನ್ನು ಕಲಿಸಬಹುದೆಂಬುದು ಅವನ ವಾದ. ಸುಬಾಜಿ ಬಾಪೂ ಎಂಬ ಪಂಡಿತರು ಮರಾಠಿಯಲ್ಲಿ ಅದಕ್ಕೊಪ್ಪುವ ಗ್ರಂಥವನ್ನೂ ರಚಿಸಿದರು. ಈ ದಾರಿ ಮುಂದುವರಿಯಲಿಲ್ಲವೆಂಬುದು ನಮ್ಮ ಶಿಕ್ಷಣದ ಇತಿಹಾಸದ ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಜನಪದ ಕಥೆಗಾರರಿಗೆ ಈ ಜಗಳ ಬೇಕಿಲ್ಲ. ರಾಕ್ಷಸನ ಪ್ರಾಣವಿರುವ ಗಿಳಿ 'ಏಳು ಸಮುದ್ರದಾಚೆ' ಇದೆಯೆಂದಾಗ ಯಾರೂ ಸಮುದ್ರಗಳ ಹೆಸರು ಕೇಳುವುದಿಲ್ಲ; ಅಲ್ಲಿ ಏಳು ಎಂಬುದು ಎಣಿಕೆಯಲ್ಲ, ದೂರ. ಮಾತುಗಳ ಅರ್ಥ ಮಾತ್ರ ಪಲ್ಲಟಗೊಂಡಿದೆ. ಮಹಾಭೂಭಾಗವೆನಿಸಿದ್ದ 'ದ್ವೀಪ' ಇಂದು ನಡುಗಡ್ಡೆಯಷ್ಟೇ. ದ್ವೀಪದೊಳಗಿನ ವರ್ಷದ ತುಂಡಾಗಿದ್ದ 'ಖಂಡ'ವೇ ಈಗ ಏಷ್ಯಾದಷ್ಟು ದೊಡ್ಡದು. ಪೂಜೆಯ ಸಂಕಲ್ಪದಲ್ಲಿ ಮಾತ್ರ ಎರಡೂ ಹಳೆಯ ಅಳತೆಯಲ್ಲಿಯೇ ಉಳಿದಿವೆ.