ಪಹಣಿ ತಿದ್ದುಪಡಿ: ಕಂಪ್ಯೂಟರ್‌ನಲ್ಲಿ ನಡೆಯುವುದೇನು?

ಸಂತೇಬೆನ್ನೂರು: ಚನ್ನಗಿರಿ ತಾಲ್ಲೂಕಿನ ಈ ಹೋಬಳಿಯ ರೈತರು ಅಡಿಕೆ ತೋಟವನ್ನು ಮಾರಿದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗುತ್ತದೆ. ಆದರೆ ಅಷ್ಟರಿಂದಲೇ ಪಹಣಿಯಲ್ಲಿ ಹೆಸರು ಬದಲಾಗದು. ‘ಭೂಮಿ’ ತಂತ್ರಾಂಶವು ಡೇಟಾಬೇಸ್‌ನಲ್ಲಿರುವ ಹಳೆಯ ದಾಖಲೆಯನ್ನು ತಿದ್ದಬೇಕು. ಈ ಪ್ರಕ್ರಿಯೆಯೇ ಹಕ್ಕು ಬದಲಾವಣೆ ಅಥವಾ ಮ್ಯುಟೇಷನ್.

ಹಿನ್ನೆಲೆ
ಹಿಂದೆ ಕೈಬರಹದ ಪಹಣಿಗಳು ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ನೆರವಿನಿಂದ 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಬಳಿಕ ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು.

ತಿದ್ದುವ ಬಗೆ
ಡೇಟಾಬೇಸ್ ಎಂದರೆ ಕೋಷ್ಟಕಗಳ ಸಮೂಹ. ಅದರಲ್ಲಿರುವ ಸಾಲೊಂದನ್ನು ಬದಲಿಸಲು ತಂತ್ರಾಂಶಗಳು ಸಾಮಾನ್ಯವಾಗಿ ಎಸ್‌ಕ್ಯೂಎಲ್ ಭಾಷೆಯ ‘ಅಪ್‌ಡೇಟ್’ ಆದೇಶವನ್ನು ಬಳಸುತ್ತವೆ. ಯಾವ ಸಾಲು ಎಂಬುದನ್ನು ‘ವೇರ್’ ಎಂಬ ಷರತ್ತು ನಿರ್ಧರಿಸುತ್ತದೆ. ಗ್ರಾಮ, ಸರ್ವೆ ನಂಬರು, ಹಿಸ್ಸಾ ಮೂರೂ ಸೇರಿದರಷ್ಟೇ ಜಮೀನಿನ ಗುರುತು ಖಚಿತ. ಷರತ್ತಿನಲ್ಲಿ ಹಿಸ್ಸಾ ಬಿಟ್ಟುಹೋದರೆ ಅದೇ ಸರ್ವೆ ನಂಬರಿನ ಇತರರ ದಾಖಲೆಗಳೂ ಬದಲಾದಾವು. ಷರತ್ತೇ ಇಲ್ಲದಿದ್ದರೆ ಕೋಷ್ಟಕದ ಎಲ್ಲ ಸಾಲುಗಳೂ ಬದಲಾಗುತ್ತವೆ.

4 ಎಕರೆಯಲ್ಲಿ 1 ಎಕರೆ ಮಾರಾಟವಾಯಿತೆನ್ನಿ. ಮಾರಿದವರ ವಿಸ್ತೀರ್ಣ 3 ಎಕರೆಗೆ ಇಳಿಯಬೇಕು, ಕೊಂಡವರಿಗೆ 1 ಎಕರೆ ಸೇರಬೇಕು. ನಡುವೆ ವಿದ್ಯುತ್ ಕೈಕೊಟ್ಟರೆ 1 ಎಕರೆ ಯಾರ ಹೆಸರಿನಲ್ಲೂ ಇಲ್ಲದಂತಾಗಬಹುದು. ಇದನ್ನು ತಡೆಯಲು ಎರಡೂ ಬದಲಾವಣೆಗಳನ್ನು ಒಂದೇ ‘ಟ್ರಾನ್ಸಾಕ್ಷನ್’ ಆಗಿ ಕಟ್ಟಲಾಗುತ್ತದೆ. ಎರಡೂ ಪೂರ್ಣಗೊಂಡರೆ ‘ಕಮಿಟ್’. ಇಲ್ಲವಾದರೆ ‘ರೋಲ್‌ಬ್ಯಾಕ್’, ಅಂದರೆ ಮೊದಲಿನ ಸ್ಥಿತಿಗೆ ಮರಳುವಿಕೆ.

ಅಧಿಕಾರ ಯಾರಿಗೆ?
ಆದೇಶ ಸರಿಯಿದ್ದರೆ ಸಾಲದು, ಅದನ್ನು ನೀಡುವವರಿಗೆ ಅಧಿಕಾರವೂ ಇರಬೇಕು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 129ನೇ ಕಲಮಿನಂತೆ ಸಂಬಂಧಪಟ್ಟವರಿಗೆ ನೋಟಿಸು ನೀಡಿ ಆಕ್ಷೇಪಣೆಗೆ ಅವಕಾಶ ಕೊಡಬೇಕು. ತಕರಾರಿಲ್ಲದಿದ್ದರೆ ಕಂದಾಯ ನಿರೀಕ್ಷಕರು ಅನುಮೋದಿಸುತ್ತಾರೆ. ತಕರಾರಿದ್ದರೆ ಪ್ರಕರಣ ತಹಶೀಲ್ದಾರರ ಮುಂದೆ ಬರುತ್ತದೆ. ದಾಖಲೆಯನ್ನು ಯಾರು ತಿದ್ದಿದರೆಂಬುದಕ್ಕೆ ಸಾಕ್ಷ್ಯ ಉಳಿಯಲೆಂದು ‘ಭೂಮಿ’ಯಲ್ಲಿ ಸಿಬ್ಬಂದಿಯ ಬೆರಳಚ್ಚು ಪರಿಶೀಲನೆಯನ್ನು ಅಳವಡಿಸಲಾಯಿತು.

ರೈತರು ಗಮನಿಸಬೇಕಾದದ್ದು
ಕಾಯ್ದೆಯ 133ನೇ ಕಲಮಿನಂತೆ, ಸುಳ್ಳೆಂದು ಸಾಬೀತಾಗುವವರೆಗೆ ಪಹಣಿಯ ನಮೂದೇ ಸತ್ಯವೆಂದು ಭಾವಿಸಲಾಗುತ್ತದೆ. ಹಾಗಾಗಿ ತಪ್ಪು ನಮೂದೂ ಸಾಲ, ಪರಿಹಾರ, ಮಾರಾಟಗಳಿಗೆ ತೊಡಕಾಗುತ್ತದೆ. ಮ್ಯುಟೇಷನ್ ಮುಗಿದ ಕೂಡಲೇ ಹೊಸ ಪಹಣಿ ಪಡೆದು 9ನೇ ಕಾಲಮಿನಲ್ಲಿ ಹೆಸರು ಮತ್ತು ವಿಸ್ತೀರ್ಣ, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಋಣಗಳನ್ನು ಪರಿಶೀಲಿಸುವುದು ಒಳಿತು. ಮ್ಯುಟೇಷನ್ ಆದೇಶಕ್ಕೆ ಒಪ್ಪಿಗೆಯಿಲ್ಲದವರು 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.